ಆಟಿಸಂ ಇರುವ ವಯಸ್ಕರ ಸಂವಹನ ಸ್ವಾಭ್ಯಾಸ: ಪುತ್ತೂರು, ಸುಳ್ಯ, ಕಡಬದ ನೆಲೆಯಲ್ಲಿ

ಆಟಿಸಂ ಇರುವ ವಯಸ್ಕರು ತಮ್ಮ ಮಾತಿನ ರೀತಿ, ದನಿಯ ಏರಿಳಿತ, ನೋಟ, ಬರವಣಿಗೆ, ಇನ್ನೊಬ್ಬರ ಮಾತನ್ನು ಗ್ರಹಿಸುವ ಕ್ರಮ ಇವನ್ನು ತಾವೇ ಗಮನಿಸಿ ಅಭ್ಯಾಸದಿಂದ ಬದಲಿಸಿಕೊಳ್ಳಲು ಮಾಡುವ ಪ್ರಯತ್ನಗಳನ್ನು ಒಟ್ಟಾಗಿ ಸಂವಹನ ಸ್ವಾಭ್ಯಾಸ ಎನ್ನಬಹುದು. ಫೋನಿನಲ್ಲಿ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವ ಸಣ್ಣ ಉಪಾಯದಿಂದ ಹಿಡಿದು ಭಾಷಣ ಕಲೆಯ ಶಿಬಿರದವರೆಗೆ ಇದರ ಹರವು. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಒಬ್ಬನೇ ಮನುಷ್ಯ ಬೆಳಗಿನಿಂದ ಸಂಜೆಯೊಳಗೆ ಮೂರು ನಾಲ್ಕು ಭಾಷೆಗಳಲ್ಲಿ ವ್ಯವಹರಿಸುತ್ತಾನೆ. ಯಾರ ಮಗ, ಯಾವ ಮನೆ ಎಂಬುದು ಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಇದರಿಂದ ಈ ಅಭ್ಯಾಸಕ್ಕೆ ಇಲ್ಲಿ ಮಹಾನಗರಗಳಲ್ಲಿಲ್ಲದ ತೊಡಕುಗಳಿವೆ, ಅಲ್ಲಿಲ್ಲದ ಅನುಕೂಲಗಳೂ ಇವೆ.

ಆಟಿಸಂ ಮತ್ತು ವಯಸ್ಕರು

ಕನ್ನಡದಲ್ಲಿ ಸ್ವಲೀನತೆ ಎಂದೂ ಕರೆಯುವ ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ, ಬದುಕಿನುದ್ದಕ್ಕೂ ಇರುವ ಸ್ಥಿತಿ. ಸಾಮಾಜಿಕ ಸಂವಹನದಲ್ಲಿ ಭಿನ್ನತೆ, ಒಂದೇ ಬಗೆಯ ಕ್ರಮ ಮತ್ತು ಆಸಕ್ತಿಗಳಿಗೆ ಅಂಟಿಕೊಳ್ಳುವುದು, ಶಬ್ದ, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರ ಕಡಿಮೆ ಸ್ಪಂದಿಸುವುದು ಇದರ ಮುಖ್ಯ ಲಕ್ಷಣಗಳು. ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ವರ್ಣಿಸಿ ಬರೆದ ಪ್ರಬಂಧದಿಂದ ಇದು ವೈದ್ಯಲೋಕದಲ್ಲಿ ಪ್ರತ್ಯೇಕ ಸ್ಥಿತಿಯಾಗಿ ನೆಲೆಗೊಂಡಿತು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್, ಚೆನ್ನಾಗಿ ಮಾತಾಡಬಲ್ಲ, ಆದರೆ ಒಡನಾಟದಲ್ಲಿ ತೊಡಕು ಅನುಭವಿಸುವ ಹುಡುಗರನ್ನು ಕುರಿತು ಬರೆದರು. ಬ್ರಿಟನ್ನಿನ ಲೋರ್ನಾ ವಿಂಗ್ 1981ರಲ್ಲಿ ಆಸ್ಪರ್ಗರ್ ಅವರ ಬರಹದತ್ತ ಗಮನ ಸೆಳೆದ ಮೇಲೆ, ಮಾತು ಬರುವವರಲ್ಲೂ ಆಟಿಸಂ ಇರುತ್ತದೆ ಎಂಬ ತಿಳಿವಳಿಕೆ ಹರಡಿತು. ಅಮೆರಿಕದ ಮನೋವೈದ್ಯ ಸಂಘ 2013ರಲ್ಲಿ ಪ್ರಕಟಿಸಿದ ಕೈಪಿಡಿ ಹಳೆಯ ಉಪವಿಭಾಗಗಳನ್ನೆಲ್ಲ ಒಂದುಗೂಡಿಸಿ ‘ಆಟಿಸಂ ಸ್ಪೆಕ್ಟ್ರಂ’ ಎಂಬ ಒಂದೇ ಹೆಸರಿನಡಿ ತಂದಿತು.

ದಶಕಗಳ ಕಾಲ ಆಟಿಸಂ ಎಂದರೆ ಮಕ್ಕಳ ವಿಷಯವಾಗಿತ್ತು. ಮಕ್ಕಳು ಬೆಳೆದು ವಯಸ್ಕರಾಗುತ್ತಾರೆ ಎಂಬ ಸರಳ ಸಂಗತಿಗೆ ಸೇವೆಗಳು ಇನ್ನೂ ಹೊಂದಿಕೊಂಡಿಲ್ಲ. ಜಗತ್ತಿನಲ್ಲಿ ಸುಮಾರು 127 ಮಂದಿಗೆ ಒಬ್ಬರಂತೆ ಆಟಿಸಂ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2021ಕ್ಕೆ ಕೊಟ್ಟ ಅಂದಾಜು. 2011ರ ಜನಗಣತಿಯಲ್ಲಿ ಪುತ್ತೂರು ತಾಲ್ಲೂಕಿನ ಜನಸಂಖ್ಯೆ 2,87,851, ಸುಳ್ಯದ್ದು 1,45,226. ಕಳೆದ ದಶಕದಲ್ಲಿ ರಚನೆಯಾದ ಕಡಬ ತಾಲ್ಲೂಕು ಇವುಗಳ ಗ್ರಾಮಗಳಿಂದ ಮೂಡಿದ್ದು. ಜಾಗತಿಕ ಅಂದಾಜನ್ನು ಹಾಗೇ ಅನ್ವಯಿಸಿದರೆ ಈ ಸೀಮೆಯಲ್ಲಿ ಮಕ್ಕಳು, ದೊಡ್ಡವರು ಸೇರಿ ಸುಮಾರು 3,400 ಮಂದಿ ಇರಬೇಕು. ಇದು ಗುಣಾಕಾರದ ಲೆಕ್ಕವೇ ಹೊರತು ಎಣಿಕೆಯಲ್ಲ. ಆ ಜನಗಣತಿಯ ನಮೂನೆಯಲ್ಲಿ ಆಟಿಸಂಗೆ ಪ್ರತ್ಯೇಕ ಕಲಮೇ ಇರಲಿಲ್ಲ. ‘ಅವನು ಸ್ವಲ್ಪ ಒಂಟಿ’, ‘ಜನ ಸೇರುವುದಿಲ್ಲ’, ‘ಬುದ್ಧಿವಂತ, ಆದರೆ ಮಾತಾಡಲು ಬರುವುದಿಲ್ಲ’ ಎಂದು ಮನೆಯವರೇ ಹೇಳಿಕೊಂಡು ಬಂದವರಲ್ಲಿ ಕೆಲವರು ಮೂವತ್ತು, ನಲವತ್ತರ ವಯಸ್ಸಿನಲ್ಲಿ, ಅದೂ ಹಲವೊಮ್ಮೆ ತಮ್ಮ ಮಗುವಿನ ತಪಾಸಣೆಗೆ ಹೋದಾಗ, ತಮ್ಮ ಸ್ಥಿತಿಯನ್ನು ಗುರುತಿಸಿಕೊಳ್ಳುತ್ತಾರೆ.

ಭಾಷೆಗಳ ಊರು, ಬರೆಯದ ಕಟ್ಟಳೆಗಳು

ಪುತ್ತೂರು ಪೇಟೆಯ ಸಾಮಾನ್ಯ ವ್ಯವಹಾರ ಭಾಷೆ ತುಳು. ಶಾಲೆ, ಕಚೇರಿ, ಪತ್ರಿಕೆಗಳದ್ದು ಕನ್ನಡ. ಸುಳ್ಯ ಸೀಮೆಯ ಗೌಡರ ಮನೆಗಳಲ್ಲಿ ಅರೆಭಾಷೆ, ಹವ್ಯಕರಲ್ಲಿ ಹವಿಗನ್ನಡ, ಮುಸ್ಲಿಮರಲ್ಲಿ ಬ್ಯಾರಿ, ಇನ್ನು ಕೆಲವರಲ್ಲಿ ಕೊಂಕಣಿ, ಮರಾಠಿ, ಕಾಸರಗೋಡಿನ ಗಡಿಗೆ ಹತ್ತಿರವಾದಂತೆ ಮಲಯಾಳ. ಯಾರೊಡನೆ ಯಾವ ಭಾಷೆ ಎಂಬುದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಎದುರಿಗಿದ್ದವರ ಮುಖ ನೋಡಿ ಜನ ತಾವಾಗಿ ಭಾಷೆ ಬದಲಿಸುತ್ತಾರೆ. ಭಟ್ರೇ, ಗೌಡ್ರೇ, ರೈಗಳೇ, ಶೆಟ್ರೇ, ಅಣ್ಣ, ಅಕ್ಕ, ಮಾರಾಯ್ರೇ ಇವುಗಳಲ್ಲಿ ಯಾರಿಗೆ ಯಾವುದು ಎಂಬುದೂ ಹಾಗೆಯೇ. ಹೇಳಿಕೊಡದ ನಿಯಮವನ್ನು ಗಾಳಿಯಿಂದ ಹಿಡಿಯುವುದೇ ಆಟಿಸಂ ಇರುವವರಿಗೆ ಕಷ್ಟವಾದ ಕೆಲಸ.

ಅತಿಥಿ ಸತ್ಕಾರದ ಒಂದು ಸಣ್ಣ ಸಂದರ್ಭ ಇದನ್ನು ತೋರಿಸುತ್ತದೆ. ಮನೆಗೆ ಬಂದವರನ್ನು ‘ಆಸರಿಗೆ ಎಂತ ಬೇಕು?’ ಎಂದು ಕೇಳುತ್ತಾರೆ. ಬಂದವರು ‘ಎಂತ ಬೇಡ’ ಎನ್ನುತ್ತಾರೆ. ಮನೆಯವರು ‘ಹಾಗೆಂದರೆ ಆಗ್ಲಿಕ್ಕಿಲ್ಲ, ಒಂದು ಮಜ್ಜಿಗೆ ಆದರೂ’ ಎಂದು ಒತ್ತಾಯಿಸಬೇಕು, ಬಂದವರು ಆಗ ಒಪ್ಪಬೇಕು. ಮೊದಲ ‘ಬೇಡ’ ನಿರಾಕರಣೆಯಲ್ಲ, ಮರ್ಯಾದೆ. ಆಟಿಸಂ ಇರುವ ಆತಿಥೇಯ ಆ ‘ಬೇಡ’ವನ್ನು ನಂಬಿ ಸುಮ್ಮನಾದರೆ ಸತ್ಕಾರ ಗೊತ್ತಿಲ್ಲದವನೆನಿಸಿಕೊಳ್ಳುತ್ತಾನೆ. ಅವನೇ ಅತಿಥಿಯಾಗಿ ಹೋಗಿ ನಿಜವಾಗಿಯೇ ಬೇಡವಾಗಿ ‘ಬೇಡ’ ಎಂದರೆ ಮೂರು ಸಲ ಒತ್ತಾಯಕ್ಕೆ ಸಿಲುಕುತ್ತಾನೆ. ‘ನೋಡುವ’ ಎಂಬ ಉತ್ತರವೂ ಇಂಥದ್ದೇ. ಸಾಲ ಕೇಳಿದಾಗ, ಮದುವೆಗೆ ಕರೆದಾಗ, ಕೆಲಸಕ್ಕೆ ಬರುತ್ತೀರಾ ಎಂದಾಗ ಹೇಳುವ ‘ನೋಡುವ’ ಹೆಚ್ಚಿನ ಸಲ ‘ಇಲ್ಲ’ ಎಂಬುದರ ಸಭ್ಯ ರೂಪ. ಬಸ್ಸಿನಲ್ಲಿ ಪಕ್ಕದವರು ಕೇಳುವ ‘ಎಲ್ಲಿಗೆ ಹೊರಟದ್ದು?’ ಪ್ರಶ್ನೆಯಾಗಿ ಕಂಡರೂ ನಿಜವಾಗಿ ಕುಶಲ ವಿಚಾರಣೆ. ಅದಕ್ಕೆ ಪ್ರಯಾಣದ ಪೂರ್ಣ ವಿವರ ಕೊಟ್ಟರೂ ತಪ್ಪು, ‘ನಿಮಗೆ ಯಾಕೆ?’ ಎಂದರೂ ತಪ್ಪು.

ಅನುಕೂಲಗಳೂ ಇವೆ. ಆಟಿಸಂ ಇರುವ ಕೆಲವರು ಪುಸ್ತಕದ ಭಾಷೆಯಲ್ಲಿ ಮಾತಾಡುವುದನ್ನು ಆಸ್ಪರ್ಗರ್ ಕಾಲದಿಂದಲೂ ಗುರುತಿಸಲಾಗಿದೆ. ಮನೆಮಾತು ತುಳುವಾಗಿ ಕನ್ನಡವನ್ನು ಶಾಲೆಯಲ್ಲಿ ಕಲಿಯುವ ಈ ಸೀಮೆಯಲ್ಲಿ ಕನ್ನಡ ಹೇಗೂ ಗ್ರಾಂಥಿಕಕ್ಕೆ ಹತ್ತಿರ, ಆದ್ದರಿಂದ ಅಂಥ ಮಾತು ಇಲ್ಲಿ ಅಷ್ಟಾಗಿ ಎದ್ದು ಕಾಣದು. ಹಿರಿಯರ ಮುಂದೆ ಕಣ್ಣು ತಗ್ಗಿಸಿ ನಿಲ್ಲುವುದು ವಿನಯವೆನಿಸುವುದರಿಂದ ನೇರ ನೋಟದ ಕೊರತೆ ಎಲ್ಲ ಕಡೆಯೂ ದೋಷವಾಗದು. ಮಾತು ತಡವಾದ ಮಗುವಿನ ಮನೆಯಲ್ಲಿ ಒಂದೇ ಭಾಷೆ ಬಳಸಿ ಎಂದು ಹಿಂದೆ ಸಲಹೆ ಕೊಡುವುದಿತ್ತು. ಆದರೆ ಹಲವು ಭಾಷೆಗಳ ಪರಿಸರ ಆಟಿಸಂ ಇರುವ ಮಕ್ಕಳ ಭಾಷಾ ಬೆಳವಣಿಗೆಗೆ ಹಾನಿ ಮಾಡುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ವಯಸ್ಕರಿಗೂ ಮನೆಭಾಷೆಯನ್ನು ಬಿಟ್ಟುಕೊಡುವ ಅಗತ್ಯವಿಲ್ಲ.

ಸ್ವಾಭ್ಯಾಸದ ವಿಧಾನಗಳು

ಮಾತಿನ ಚೀಟಿ. ಹೆಚ್ಚು ಬಳಕೆಯಲ್ಲಿರುವುದು, ಖರ್ಚಿಲ್ಲದ್ದು ಇದೇ. ಆಡಬೇಕಾದ ಮಾತನ್ನು ಮೊದಲೇ ಬರೆದು, ಬರಬಹುದಾದ ಉತ್ತರಗಳಿಗೆ ಕವಲುಗಳನ್ನೂ ಬರೆದಿಟ್ಟುಕೊಳ್ಳುವುದು. ಕ್ಲಿನಿಕ್ಕಿಗೆ ಫೋನ್ ಮಾಡಲು ಇಂಥ ಚೀಟಿ ಹೀಗಿರಬಹುದು: ‘ನಮಸ್ಕಾರ. ಡಾಕ್ಟ್ರು ಇವತ್ತು ಇದ್ದಾರಾ? ಟೋಕನ್ ಉಂಟಾ? ಎಷ್ಟು ಗಂಟೆಗೆ ಬರಬೇಕು? ಆಯ್ತು, ಇಡ್ತೇನೆ.’ ಅದರ ಕೆಳಗೆ, ಇಲ್ಲ ಎಂದರೆ: ‘ಯಾವಾಗ ಸಿಗ್ತಾರೆ?’ ಕೇಳಿಸದಿದ್ದರೆ: ‘ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಮ್ಮೆ ಹೇಳ್ತೀರಾ?’ ಮಾತು ಹೇಗೆ ಮುಗಿಸಬೇಕು ಎಂಬುದು ಹಲವರಿಗೆ ಆರಂಭಕ್ಕಿಂತ ಕಷ್ಟವಾದ್ದರಿಂದ ಕೊನೆಯ ವಾಕ್ಯವನ್ನು ಬರೆದಿಟ್ಟುಕೊಳ್ಳುವುದು ಮುಖ್ಯ. ಸಂದರ್ಭವೊಂದರಲ್ಲಿ ಯಾರು ಏನು ಮಾಡುತ್ತಾರೆ, ಏಕೆ ಎಂದು ಬರೆದು ವಿವರಿಸುವ ‘ಸಾಮಾಜಿಕ ಕಥೆ’ಗಳನ್ನು ಅಮೆರಿಕದ ಶಿಕ್ಷಕಿ ಕ್ಯಾರೊಲ್ ಗ್ರೇ 1990ರ ದಶಕದ ಆರಂಭದಲ್ಲಿ ಮಕ್ಕಳಿಗಾಗಿ ರೂಪಿಸಿದರು. ವಯಸ್ಕರ ಚೀಟಿಗಳು ಅದೇ ತತ್ವದ ಬೆಳೆದ ರೂಪ.

ಕೇಳಿ ತಿದ್ದಿಕೊಳ್ಳುವುದು. ಮೊಬೈಲಿನಲ್ಲಿ ತಮ್ಮ ದನಿಯನ್ನು ರೆಕಾರ್ಡ್ ಮಾಡಿ, ಗಟ್ಟಿಯಾಯಿತೇ, ಏಕತಾನವಾಯಿತೇ, ಎದುರಿನವರಿಗೆ ಸರದಿ ಬಿಟ್ಟೆನೇ ಎಂದು ಪರಿಶೀಲಿಸುವುದು ಈ ಬಗೆ. ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ತಮ್ಮ ಆತ್ಮಕಥನಾತ್ಮಕ ಬರಹಗಳಲ್ಲಿ, ಹಿಂದಿನ ಸಂದರ್ಭಗಳನ್ನು ಮನಸ್ಸಿನಲ್ಲಿ ವಿಡಿಯೊದಂತೆ ಕೂಡಿಟ್ಟು, ಹೊಸ ಸಂದರ್ಭದಲ್ಲಿ ಹೊಂದುವ ತುಣುಕನ್ನು ತೆಗೆದು ನೋಡಿ ನಡೆದುಕೊಳ್ಳುವುದನ್ನು ಕಲಿತ ಬಗೆಯನ್ನು ವಿವರಿಸಿದ್ದಾರೆ.

ಸ್ಪಷ್ಟನೆ ಕೇಳುವ ಮಾತುಗಳು. ‘ನೋಡುವ ಎಂದರೆ ಹೌದಾ, ಇಲ್ಲವಾ?’, ‘ನನಗೆ ಸುತ್ತುಮಾತು ಅರ್ಥ ಆಗುವುದಿಲ್ಲ, ನೇರವಾಗಿ ಹೇಳಿದರೆ ಬೇಸರ ಇಲ್ಲ’, ‘ಇದನ್ನು ವಾಟ್ಸ್ಆ್ಯಪ್ ಮಾಡ್ತೀರಾ?’ ಇಂಥ ಕೆಲವು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಳ್ಳುವುದು. ಇತರ ವಿಧಾನಗಳಲ್ಲಿ ವ್ಯಕ್ತಿ ಎದುರಿನವರಿಗೆ ತಕ್ಕಂತೆ ಬದಲಾಗುತ್ತಾನೆ. ಇಲ್ಲಿ ಎದುರಿನವರನ್ನೂ ಸ್ವಲ್ಪ ಬದಲಾಗುವಂತೆ ಕೇಳುತ್ತಾನೆ.

ಭಾವನೆಯ ದಿನಚರಿ. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ತಮ್ಮ ಭಾವನೆಯನ್ನು ಗುರುತಿಸಿ ಹೆಸರಿಸುವುದು ಕಷ್ಟ ಎಂದು ಸಂಶೋಧನೆಗಳ ವಿಮರ್ಶೆಯೊಂದು 2019ರಲ್ಲಿ ಹೇಳಿತು. ಹೊಟ್ಟೆ ಕಿವುಚಿದ್ದು, ಕಿವಿ ಬಿಸಿಯಾದದ್ದು ಇವನ್ನು ಬರೆದಿಟ್ಟು, ಆ ಹೊತ್ತಿಗೆ ನಡೆದ ಘಟನೆಗೆ ಹೊಂದಿಸಿ, ಇದು ಸಿಟ್ಟು, ಇದು ಹೆದರಿಕೆ, ಇದು ಹಸಿವು ಎಂದು ಗುರುತಿಸಲು ಕಲಿಯುವುದು ಈ ದಿನಚರಿಯ ಕೆಲಸ.

ಪರಿಸರವನ್ನು ಹದಗೊಳಿಸುವುದು. ಮಾತು ತಪ್ಪುವುದಕ್ಕೆ ಹಲವು ಸಲ ಕಾರಣ ಭಾಷೆಯಲ್ಲ, ಗದ್ದಲ. ಏಪ್ರಿಲ್‌ನಲ್ಲಿ ನಡೆಯುವ ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆಯ ‘ಪುತ್ತೂರು ಬೆಡಿ’ ಎಂಬ ಸುಡುಮದ್ದಿನ ಪ್ರದರ್ಶನ ಊರಿಗೆಲ್ಲ ಸಂಭ್ರಮ. ಶಬ್ದ ಸಹಿಸಲಾಗದವರಿಗೆ ಆ ಹೊತ್ತಿನಲ್ಲಿ ‘ಚೆನ್ನಾಗಿದ್ದೀರಾ’ ಎಂಬುದಕ್ಕೆ ಉತ್ತರಿಸುವುದೂ ಕಷ್ಟ. ಮದುವೆ, ನೇಮ, ಬ್ರಹ್ಮಕಲಶಗಳಿಗೆ ಜನ ಸೇರುವ ಮೊದಲೇ ಹೋಗಿ ಬರುವುದು, ಕಿವಿಗೆ ಹತ್ತಿ ಅಥವಾ ಇಯರ್‌ಪ್ಲಗ್ ಇಡುವುದು, ಬಡಿಸುವ ಕೆಲಸದಂಥ ನಿಶ್ಚಿತ ಜವಾಬ್ದಾರಿ ಕೇಳಿ ಪಡೆಯುವುದು ಇವೆಲ್ಲ ಸಂವಹನದ ಉಪಾಯಗಳೇ. ಕೈಯಲ್ಲಿ ಕೆಲಸವಿದ್ದಾಗ ಏನು ಮಾತಾಡಲಿ ಎಂಬ ಚಿಂತೆ ಅರ್ಧ ಕಡಿಮೆ.

ಭಾಷಣ ಕಲೆ, ವ್ಯಕ್ತಿತ್ವ ವಿಕಸನ. ಅಮೆರಿಕದ ಡೇಲ್ ಕಾರ್ನೆಗಿ 1936ರಲ್ಲಿ ಬರೆದ ಪುಸ್ತಕದಿಂದ ಬೆಳೆದ ಈ ಪ್ರಕಾರಕ್ಕೆ ಕನ್ನಡದಲ್ಲೂ ದೊಡ್ಡ ಓದುಗವರ್ಗವಿದೆ. ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ ಕನ್ನಡದ ಮನೆಮನೆ ತಲುಪಿದ ಪುಸ್ತಕ. ಕರಾವಳಿಯಲ್ಲಿ ಜೇಸಿ ಘಟಕಗಳ ತರಬೇತಿಗಳೂ ಚಿರಪರಿಚಿತ. ನಿಯಮಗಳನ್ನು ಒಂದು, ಎರಡು, ಮೂರು ಎಂದು ಪಟ್ಟಿ ಮಾಡಿಕೊಡುವ ಗುಣದಿಂದಾಗಿ ಇವು ಆಟಿಸಂ ಇರುವವರನ್ನು ಸೆಳೆಯುತ್ತವೆ. ಇಲ್ಲಿನ ಮಿತಿ ಎಂದರೆ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಸದಾ ನಗುತ್ತಿರಿ, ಕೈ ಗಟ್ಟಿಯಾಗಿ ಕುಲುಕಿ ಎಂಬ ಸಲಹೆಗಳು. ಕಣ್ಣನ್ನು ನೋಡುತ್ತಿದ್ದರೆ ಮಾತು ಕೇಳಿಸಿಕೊಳ್ಳಲು ಆಗುವುದಿಲ್ಲ ಎಂಬುದು ಆಟಿಸಂ ಇರುವ ಅನೇಕರ ಅನುಭವ. ಈ ಸಲಹೆಗಳನ್ನು ಅಕ್ಷರಶಃ ಪಾಲಿಸಿದವರು ಕೃತಕವಾಗಿ ಕಾಣುತ್ತಾರೆ, ಜೊತೆಗೆ ದಣಿಯುತ್ತಾರೆ.

ಕಲೆಯ ಮೂಲಕ ಮಾತು. ಈ ಸೀಮೆ, ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ಯಕ್ಷಗಾನ ಪ್ರಸಂಗ ನಡೆಸುವ ತಾಳಮದ್ದಳೆಯ ನೆಲ. ಪ್ರಸಂಗ ಮೊದಲೇ ಗೊತ್ತು, ಪಾತ್ರ ಗೊತ್ತು, ಪದ್ಯ ಮುಗಿದ ಮೇಲೆ ಯಾರ ಸರದಿ ಎಂಬುದೂ ಗೊತ್ತು. ಎದುರಾಳಿಯ ಮಾತನ್ನು ಪೂರ್ತಿ ಕೇಳಿಯೇ ಉತ್ತರಿಸಬೇಕು. ಹಳೆಯ ರೆಕಾರ್ಡಿಂಗ್ ಕೇಳಿ ಅರ್ಥಗಾರಿಕೆ ರೂಢಿಸಿಕೊಳ್ಳುವುದು ಹವ್ಯಾಸಿಗಳಲ್ಲಿ ಸಾಮಾನ್ಯ. ಇದು ಚಿಕಿತ್ಸೆಯಲ್ಲ. ಆದರೆ ಕಟ್ಟಳೆ ಸ್ಪಷ್ಟವಾಗಿರುವ ಮಾತಿನ ಕಣವೊಂದು ಊರಲ್ಲೇ ಇರುವುದು, ಕಟ್ಟಳೆ ಅಸ್ಪಷ್ಟವಾದ ಹರಟೆಯಲ್ಲಿ ಸೋಲುವವರಿಗೆ ದೊಡ್ಡ ಅವಕಾಶ.

ಫಲ ಎಷ್ಟು

ವಯಸ್ಕರ ಆಟಿಸಂ ಕುರಿತು ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ‘ನೈಸ್’ 2012ರಲ್ಲಿ ಹೊರಡಿಸಿದ ಸೂಚನೆಯು, ಬೌದ್ಧಿಕ ನ್ಯೂನತೆ ಇಲ್ಲದ ಅಥವಾ ಅಲ್ಪದಿಂದ ಮಧ್ಯಮ ಪ್ರಮಾಣದಲ್ಲಿರುವ ವಯಸ್ಕರಿಗೆ ಗುಂಪಿನಲ್ಲಿ ಸಾಮಾಜಿಕ ಕಲಿಕೆಯನ್ನು ಶಿಫಾರಸು ಮಾಡುತ್ತದೆ. ಮಾಡಿ ತೋರಿಸುವುದು, ಸಹಪಾಠಿಗಳ ಅಭಿಪ್ರಾಯ, ಚರ್ಚೆ, ನಿಯಮಗಳನ್ನು ಬಿಡಿಸಿ ಹೇಳುವುದು, ಕಷ್ಟದ ಸಂದರ್ಭಗಳಿಗೆ ಉಪಾಯ ಇವು ಅದರ ಅಂಗಗಳು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಎಲಿಜಬೆತ್ ಲಾಗಸನ್ ಮತ್ತು ಫ್ರೆಡ್ ಫ್ರಾಂಕೆಲ್ ರೂಪಿಸಿದ ‘ಪೀರ್ಸ್’ ಕಾರ್ಯಕ್ರಮದ ಯುವ ವಯಸ್ಕರ ಆವೃತ್ತಿ ಇದೇ ಮಾದರಿಯದು. ಮಾತುಕತೆಗೆ ಸೇರಿಕೊಳ್ಳುವುದು, ಸಮಾನ ಆಸಕ್ತಿ ಹುಡುಕುವುದು, ಹೊರಬರುವುದು ಎಂಬ ಪ್ರತಿ ಹೆಜ್ಜೆಯನ್ನೂ ಅದು ಪಾಠ ಮಾಡುತ್ತದೆ.

ಇಂಥ ತರಬೇತಿಗಳಿಂದ ಪ್ರಯೋಜನವಿದೆ. ಆದರೆ ಮಕ್ಕಳ ಮತ್ತು ಹದಿಹರೆಯದವರ ಗುಂಪು ತರಬೇತಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯೊಂದು ಗಮನಾರ್ಹ ಸಂಗತಿ ಹೇಳಿತು: ಕಲಿತವರನ್ನೇ ಕೇಳಿದಾಗ ಅವರ ಸುಧಾರಣೆ ಕಂಡದ್ದು ‘ಏನು ಮಾಡಬೇಕೆಂದು ಗೊತ್ತಾಗಿದೆ’ ಎಂಬಲ್ಲಿ, ‘ಹಾಗೆ ಮಾಡುತ್ತಿದ್ದೇನೆ’ ಎಂಬಲ್ಲಿ ಅಲ್ಲ. ನಿಯಮ ಬಾಯಿಪಾಠವಾದ ಮಾತ್ರಕ್ಕೆ ಅದು ಸಂತೆಯಲ್ಲಿ, ಸಭೆಯಲ್ಲಿ ತಾನಾಗಿ ನಡೆಗೆ ಇಳಿಯುವುದಿಲ್ಲ. ಸಣ್ಣ, ನಿರ್ದಿಷ್ಟ, ಮತ್ತೆ ಮತ್ತೆ ಬರುವ ಸಂದರ್ಭಗಳಿಗೆ ಮಾಡಿದ ಅಭ್ಯಾಸವೇ ಹೆಚ್ಚು ಉಳಿಯುತ್ತದೆ. ಅಡಿಕೆ ಮಾರುವ ಕೆಲಸವನ್ನೇ ನೋಡಬಹುದು. ಹೊಸ ಚಾಲಿ, ಹಳೆಯದು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ವರ್ಗಗಳು ನಿಶ್ಚಿತ. ದರ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ದರ ಬರೆದಿಟ್ಟಿರುವ ಸಹಕಾರಿ ಖರೀದಿ ಕೇಂದ್ರದಲ್ಲಿ ಕೇಳಬೇಕಾದ್ದು ಮೂರೋ ನಾಲ್ಕೋ ಪ್ರಶ್ನೆ, ಅವನ್ನು ಕಲಿಯಬಹುದು. ಅಂಗಡಿಯ ಜಗಲಿಯಲ್ಲಿ ಕುಳಿತು ಮನೆಯ ಸುದ್ದಿ, ಮಳೆಯ ಸುದ್ದಿಯ ನಡುವೆ ದರ ಏರಿಸಿಕೊಳ್ಳುವ ಚೌಕಾಸಿ ಬೇರೆಯೇ ವಿದ್ಯೆ. ಎರಡನ್ನೂ ಒಂದೇ ‘ಸಂವಹನ ಕೌಶಲ’ ಎಂದು ಕರೆಯುವುದರಿಂದಲೇ ಅನೇಕ ತರಬೇತಿಗಳು ಗುರಿ ತಪ್ಪುತ್ತವೆ.

ಫೋನಿಗಿಂತ ಬರಹ ಸುಲಭ ಎಂಬುದೂ ಸಂಶೋಧನೆಯಲ್ಲಿ ದೃಢಪಟ್ಟಿದೆ. ಆಟಿಸಂ ಇರುವ ವಯಸ್ಕರು ಫೋನ್ ಕರೆಗಿಂತ ಇಮೇಲ್, ಸಂದೇಶಗಳನ್ನು ಬಯಸುತ್ತಾರೆ ಎಂದು ಬ್ರಿಟನ್ನಿನ ಅಧ್ಯಯನವೊಂದು 2021ರಲ್ಲಿ ತೋರಿಸಿತು. ಬರಹದಲ್ಲಿ ಯೋಚಿಸಲು ಸಮಯ ಸಿಗುತ್ತದೆ, ದನಿ, ಮುಖಗಳನ್ನು ಒಟ್ಟಿಗೆ ಓದುವ ಹೊರೆ ಇರುವುದಿಲ್ಲ. ವಾಟ್ಸ್ಆ್ಯಪ್ ಹಳ್ಳಿಹಳ್ಳಿಗೆ ಬಂದದ್ದು, ಯಾವ ತರಬೇತಿಯೂ ಮಾಡಲಾಗದ ಸಹಾಯವನ್ನು ಇವರಲ್ಲಿ ಅನೇಕರಿಗೆ ಮಾಡಿದೆ.

ಮರೆಮಾಚುವಿಕೆಯ ಬೆಲೆ

ಸ್ವಾಭ್ಯಾಸದಲ್ಲಿ ಎರಡು ಬಗೆ. ಕೆಲಸ ಸುಲಭವಾಗಲಿ ಎಂದು ಮಾಡುವುದು ಒಂದು; ಆಟಿಸಂ ಇರುವುದು ಯಾರಿಗೂ ತಿಳಿಯದಿರಲಿ ಎಂದು ಮಾಡುವುದು ಇನ್ನೊಂದು. ಎರಡನೆಯದನ್ನು ಮರೆಮಾಚುವಿಕೆ ಎನ್ನುತ್ತಾರೆ. ಲಂಡನ್ನಿನ ಲಾರಾ ಹಲ್ ಮತ್ತು ಸಂಗಡಿಗರು 2017ರಲ್ಲಿ 92 ವಯಸ್ಕರ ಅನುಭವಗಳನ್ನು ಅಧ್ಯಯನ ಮಾಡಿ ಇದರ ಸ್ವರೂಪವನ್ನು ವಿವರಿಸಿದರು. ಅದನ್ನು ಅಳೆಯಲು 25 ಹೇಳಿಕೆಗಳ ಪ್ರಶ್ನಾವಳಿಯನ್ನು 2019ರಲ್ಲಿ ರೂಪಿಸಿದರು. ಕೊರತೆಯನ್ನು ಉಪಾಯದಿಂದ ತುಂಬುವುದು, ಲಕ್ಷಣಗಳನ್ನು ಅಡಗಿಸುವುದು, ಇಷ್ಟವಿಲ್ಲದಿದ್ದರೂ ಗುಂಪಿನಲ್ಲಿ ಬೆರೆತಂತೆ ತೋರಿಸಿಕೊಳ್ಳುವುದು ಇದರ ಮೂರು ಮುಖಗಳು. ಹೆಂಗಸರಲ್ಲಿ ಮರೆಮಾಚುವಿಕೆ ಹೆಚ್ಚಾಗಿ ಕಂಡುಬಂದಿದೆ. ಅವರ ಆಟಿಸಂ ತಡವಾಗಿ ಪತ್ತೆಯಾಗಲು ಇದೂ ಒಂದು ಕಾರಣ.

ಇದರ ಬೆಲೆ ಸಣ್ಣದಲ್ಲ. ಮರೆಮಾಚುವಿಕೆಗೂ ಆತಂಕ, ಖಿನ್ನತೆ, ಆತ್ಮಹತ್ಯೆಯ ಯೋಚನೆಗಳಿಗೂ ನಂಟಿದೆ ಎಂದು 2018ರಿಂದೀಚಿನ ಅಧ್ಯಯನಗಳು ಎಚ್ಚರಿಸಿವೆ. ಡೋರಾ ರೇಮೇಕರ್ ಮತ್ತು ಸಂಗಡಿಗರು 2020ರಲ್ಲಿ ವಿವರಿಸಿದ ‘ಆಟಿಸ್ಟಿಕ್ ಬರ್ನ್ಔಟ್’ ಎಂದರೆ ತಿಂಗಳುಗಟ್ಟಲೆ ಉಳಿಯುವ ಬಳಲಿಕೆ, ಮೊದಲು ಮಾಡುತ್ತಿದ್ದ ಕೆಲಸವೂ ಕೈಗೂಡದ ಸ್ಥಿತಿ, ಶಬ್ದ, ಬೆಳಕುಗಳನ್ನು ಇನ್ನಷ್ಟು ಸಹಿಸಲಾಗದಿರುವುದು. ಸಣ್ಣ ಊರಿನಲ್ಲಿ ಮುಖವಾಡ ಕಳಚಿ ಕೂರಲು ಅಪರಿಚಿತರ ನಡುವಿನ ಜಾಗ ಸಿಗುವುದು ಕಡಿಮೆ. ಬಸ್ ನಿಲ್ದಾಣದಲ್ಲೂ ಗುರುತಿನವರು ಸಿಗುತ್ತಾರೆ. ಹಾಗಾಗಿ ಮನೆಯಲ್ಲಾದರೂ ಮಾತಿಲ್ಲದೆ ಇರಲು ಒಂದಷ್ಟು ಹೊತ್ತು ಬಿಡುವುದು ಔಷಧಿಯಷ್ಟೇ ಅಗತ್ಯ.

ಮಾತಿನ ಇನ್ನೊಂದು ಬದಿ

ಆಟಿಸಂ ಇರುವ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ 2012ರಲ್ಲಿ ‘ಇಬ್ಬದಿಯ ಸಹಾನುಭೂತಿಯ ಸಮಸ್ಯೆ’ಯನ್ನು ಮಂಡಿಸಿದರು. ಆಟಿಸಂ ಇರುವವರಿಗೆ ಇತರರು ಅರ್ಥವಾಗದಿರುವಂತೆ ಇತರರಿಗೂ ಇವರು ಅರ್ಥವಾಗುವುದಿಲ್ಲ, ಆದರೆ ತಿದ್ದಿಕೊಳ್ಳಬೇಕೆಂಬ ಹೊಣೆ ಮಾತ್ರ ಒಂದೇ ಕಡೆಗೆ ಬೀಳುತ್ತದೆ ಎಂಬುದು ಅದರ ಸಾರ. ಅಮೆರಿಕದ ನೋವಾ ಸಾಸನ್ ಮತ್ತು ಸಂಗಡಿಗರ 2017ರ ಅಧ್ಯಯನ ಇದಕ್ಕೆ ಬಲ ಕೊಟ್ಟಿತು. ಆಟಿಸಂ ಇರುವವರ ಕೆಲವು ಸೆಕೆಂಡುಗಳ ವಿಡಿಯೊ ನೋಡಿದವರು, ದನಿ ಕೇಳಿದವರು ಅವರ ಬಗ್ಗೆ ಕೀಳಂದಾಜು ಮಾಡಿದರು. ಅದೇ ಮಾತುಗಳನ್ನು ಬರಹದಲ್ಲಿ ಮಾತ್ರ ಓದಿದವರಲ್ಲಿ ಆ ಪೂರ್ವಗ್ರಹ ಕಾಣಲಿಲ್ಲ. ತೊಡಕು ಹೇಳಿದ್ದರಲ್ಲಿರಲಿಲ್ಲ, ಹೇಳಿದ ರೀತಿಯನ್ನು ನೋಡುವ ಕಣ್ಣಿನಲ್ಲಿತ್ತು. ಎದುರಿನವರಿಗೆ ಆಟಿಸಂ ಇದೆ ಎಂದು ಮೊದಲೇ ತಿಳಿಸಿದರೆ ಅಭಿಪ್ರಾಯ ಸುಧಾರಿಸುತ್ತದೆ ಎಂದೂ ಮುಂದಿನ ಅಧ್ಯಯನಗಳು ತೋರಿಸಿದವು.

ಕ್ಯಾಥರಿನ್ ಕ್ರಾಂಪ್ಟನ್ ತಂಡ 2020ರಲ್ಲಿ 72 ವಯಸ್ಕರನ್ನು ಎಂಟೆಂಟು ಜನರ ಸಾಲುಗಳಾಗಿ ಮಾಡಿ, ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸುವ ಪ್ರಯೋಗ ನಡೆಸಿತು. ಆಟಿಸಂ ಇರುವವರ ಸಾಲು ಇತರರ ಸಾಲಿನಷ್ಟೇ ಚೆನ್ನಾಗಿ ಕಥೆ ದಾಟಿಸಿತು. ಎರಡೂ ಬಗೆಯವರು ಬೆರೆತ ಸಾಲಿನಲ್ಲಿ ವಿವರಗಳು ಬೇಗ ಸೋರಿಹೋದವು. ಹೆಚ್ಚು ಜನರನ್ನು ಸೇರಿಸಿಕೊಂಡ ಮುಂದಿನ ಅಧ್ಯಯನದಲ್ಲಿ ಬೆರೆತ ಸಾಲಿನ ಆ ಹಿನ್ನಡೆ ಕಾಣಲಿಲ್ಲ. ಮಾಹಿತಿ ದಾಟಿಸುವುದರಲ್ಲಿ ಆಟಿಸಂ ಇರುವವರು ಹಿಂದಿಲ್ಲ ಎಂಬ ಅಂಶ ಮಾತ್ರ ಎರಡರಲ್ಲೂ ನಿಂತಿತು.

ಸಣ್ಣ ಊರಿಗೆ ಸಂಬಂಧಿಸಿದ ದೊಡ್ಡ ನಿದರ್ಶನ ಕ್ಯಾನರ್ ಅವರ ಮೊದಲ ರೋಗಿಯದೇ. ಡೊನಾಲ್ಡ್ ಟ್ರಿಪ್ಲೆಟ್ (1933–2023) ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಪುಟ್ಟ ಪೇಟೆಯಲ್ಲಿ ಮನೆತನದ ಬ್ಯಾಂಕಿನಲ್ಲಿ ಕೆಲಸ ಮಾಡಿ, ಕಾರು ಓಡಿಸಿ, ಗಾಲ್ಫ್ ಆಡಿ, ದೇಶ ಸುತ್ತಿ ಬಾಳಿದರು. ಪರಿಚಿತರಿಗೆ ಹೆಸರಿನ ಬದಲು ಸಂಖ್ಯೆ ಕೊಡುವ ಅವರ ಅಭ್ಯಾಸವನ್ನು ಊರು ಹಾಗೆಯೇ ಒಪ್ಪಿಕೊಂಡಿತ್ತು. ಅವರ ಕುಟುಂಬಕ್ಕೆ ಹಣ, ಸ್ಥಾನಮಾನ ಇದ್ದವು ಎಂಬುದನ್ನು ಮರೆಯುವಂತಿಲ್ಲ. ಆದರೂ ಎಲ್ಲರಿಗೂ ಎಲ್ಲರ ಗುರುತಿರುವ ಊರು ಹೊರೆಯಾಗುವಂತೆ ಆಸರೆಯೂ ಆಗಬಲ್ಲುದು ಎಂಬುದಕ್ಕೆ ಅವರ ಬದುಕು ಸಾಕ್ಷಿ.

ಮಾತು ಬಾರದವರ ಸಂವಹನ

ಆಟಿಸಂ ಇರುವ ಎಲ್ಲರೂ ಬಾಯಿಮಾತಿನವರಲ್ಲ. ಚಿತ್ರಫಲಕ, ಬರಹ, ಟ್ಯಾಬ್ಲೆಟ್ ಮೂಲಕ ಮಾತಾಡುವವರಿದ್ದಾರೆ. ಚೆನ್ನಾಗಿ ಮಾತಾಡುವವರಿಗೂ ಒತ್ತಡದಲ್ಲಿ ಮಾತು ನಿಲ್ಲುವುದುಂಟು. ಚೆನ್ನೈಯಲ್ಲಿ ರೂಪುಗೊಂಡ ‘ಆವಾಜ್’ ಆ್ಯಪ್ ಚಿತ್ರ ಮುಟ್ಟಿದರೆ ಮಾತು ಹೊರಡಿಸುತ್ತದೆ, ಭಾರತೀಯ ಭಾಷೆಗಳಲ್ಲೂ ದೊರೆಯುತ್ತದೆ. ಕರ್ನಾಟಕಕ್ಕೆ ನಂಟಿರುವ ಪ್ರಸಿದ್ಧ ಉದಾಹರಣೆ ಲೇಖಕ ಟಿಟೊ ರಾಜರ್ಷಿ ಮುಖೋಪಾಧ್ಯಾಯ. ಬಾಲ್ಯದ ಕೆಲವು ವರ್ಷಗಳನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದ ಇವರು ಬಾಯಿಮಾತು ಅತ್ಯಲ್ಪವಿದ್ದರೂ ಬರೆಯಲು ಕಲಿತರು. ಇವರ ಮೊದಲ ಪುಸ್ತಕವನ್ನು ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ 2000ದಲ್ಲಿ ಪ್ರಕಟಿಸಿತು. ತಾಯಿ ಸೋಮಾ ಇವರಿಗೆ ಕಲಿಸುತ್ತ ರೂಪಿಸಿದ, ಫಲಕದ ಮೇಲಿನ ಅಕ್ಷರಗಳನ್ನು ತೋರಿಸಿ ಮಾತಾಡುವ ವಿಧಾನ ಅಮೆರಿಕದಲ್ಲಿ ಹರಡಿತು. ಆದರೆ ಅಕ್ಷರಫಲಕವನ್ನು ಇನ್ನೊಬ್ಬರು ಹಿಡಿಯುವಾಗ ಬರುವ ಮಾತು ಯಾರದು ಎಂಬ ಪ್ರಶ್ನೆಯಿಂದಾಗಿ ಅಮೆರಿಕದ ವಾಕ್-ಶ್ರವಣ ಸಂಘ 2018ರಲ್ಲಿ ಅದನ್ನು ಬಳಸಬಾರದೆಂದು ಹೇಳಿತು. ಯಾರೂ ಕೈ ಹಿಡಿಯದೆ, ಫಲಕ ಹಿಡಿಯದೆ ತಾನೇ ಆರಿಸುವ ವಿಧಾನಗಳೇ ನಂಬಲರ್ಹ.

ಕಾನೂನು ಮತ್ತು ಸೇವೆ

ರಾಷ್ಟ್ರೀಯ ನ್ಯಾಸ ಕಾಯ್ದೆ (1999) ಆಟಿಸಂ ಅನ್ನು ಹೆಸರಿಸಿದ ಭಾರತದ ಮೊದಲ ಕಾನೂನುಗಳಲ್ಲಿ ಒಂದು. ಅದರ ‘ನಿರಾಮಯ’ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ. ಅಗತ್ಯವಿದ್ದರೆ 18 ದಾಟಿದವರಿಗೆ ಪೋಷಕರನ್ನು ನೇಮಿಸುವ ಸ್ಥಳೀಯ ಸಮಿತಿ ಜಿಲ್ಲಾ ಮಟ್ಟದಲ್ಲಿ ಕೆಲಸ ಮಾಡುತ್ತದೆ. ವಿಕಲಚೇತನರ ಹಕ್ಕುಗಳ ಕಾಯ್ದೆ (2016) 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಅನ್ನು ಸೇರಿಸಿ, ಸರಕಾರಿ ಉದ್ಯೋಗದ ಮೀಸಲಾತಿಯಲ್ಲೂ ಅದಕ್ಕೆ ಪಾಲು ಕೊಟ್ಟಿತು. ಕೆಲಸದ ಜಾಗದಲ್ಲಿ ಸೂಕ್ತ ಹೊಂದಾಣಿಕೆ ಕೇಳುವುದು ಈ ಕಾಯ್ದೆ ಕೊಟ್ಟ ಹಕ್ಕು. ಸೂಚನೆಗಳನ್ನು ಬಾಯಲ್ಲಿ ಹೇಳುವ ಬದಲು ಬರೆದು ಕೊಡಿ ಎಂಬಂಥ ಕೋರಿಕೆ ಅಂಥದ್ದು. ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಅಳತೆಗೋಲು ‘ಐಸಾ’ದಲ್ಲಿ 40 ಅಂಶಗಳಿವೆ. ಮರೆಮಾಚುವುದನ್ನು ರೂಢಿಸಿಕೊಂಡ ವಯಸ್ಕರು ತಪಾಸಣೆಗೆ ಹೋಗುವಾಗ ಬಾಲ್ಯವನ್ನು ಬಲ್ಲ ಹಿರಿಯರೊಬ್ಬರನ್ನು ಕರೆದೊಯ್ಯುವುದು ಒಳ್ಳೆಯದು.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಒದಗಿಸುವ ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮ, ಸುಳ್ಯದ ಕೆ.ವಿ.ಜಿ. ವೈದ್ಯಕೀಯ ಕಾಲೇಜು, ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆ, ಫಾದರ್ ಮುಲ್ಲರ್ ಮತ್ತು ಕಸ್ತೂರ್ಬಾ ವೈದ್ಯಕೀಯ ಸಂಸ್ಥೆಗಳ ವಾಕ್-ಶ್ರವಣ ವಿಭಾಗಗಳು ಈ ಸೀಮೆಯವರಿಗೆ ಹತ್ತಿರ. ಪುತ್ತೂರು, ಸುಳ್ಯಗಳನ್ನು ಹಾದು ಮಡಿಕೇರಿ ಘಾಟಿ ಹತ್ತುವ ರಾಷ್ಟ್ರೀಯ ಹೆದ್ದಾರಿ 275 ಮೈಸೂರಿಗೂ ಹೋಗುತ್ತದೆ. ಅಲ್ಲಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೂರಸಂಪರ್ಕದ ಮೂಲಕವೂ ಸೇವೆ ಕೊಡುತ್ತದೆ. ಮನಸ್ಸು ಕುಸಿದಾಗ 14416 ಸಂಖ್ಯೆಯ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಗುರುತಿನ ಚೀಟಿಯ ಅರ್ಜಿಗೆ ನೆರವಾಗುತ್ತಾರೆ. ಈ ಸೇವೆಗಳಲ್ಲಿ ಹೆಚ್ಚಿನವು ಮಕ್ಕಳನ್ನು ಕಣ್ಣಮುಂದೆ ಇಟ್ಟುಕೊಂಡು ಬೆಳೆದವು. ವಯಸ್ಕರು ತಾವಾಗಿ ಕೇಳಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಕೇಳುವುದೇ ಕಷ್ಟವಾದವರಿಗೆ ಇದು ದೊಡ್ಡ ಅಡ್ಡಿ.

ಮೌಲ್ಯಮಾಪನ

ಆಟಿಸಂ ಗುಣಪಡಿಸುವ ಔಷಧಿ, ಪಥ್ಯ, ಶಿಬಿರ ಯಾವುದೂ ಇಲ್ಲ. ಹಾಗೆಂದು ಹೇಳಿ ಹಣ ಕೇಳುವವರನ್ನು ನಂಬಬಾರದು. ಸ್ವಾಭ್ಯಾಸದ ಬಗ್ಗೆ ಈವರೆಗಿನ ತಿಳಿವಳಿಕೆ ಒಂದು ಸರಳ ಒರೆಗಲ್ಲನ್ನು ಕೊಡುತ್ತದೆ. ಅಭ್ಯಾಸವನ್ನು ಆರಿಸಿದ್ದು ಆ ವ್ಯಕ್ತಿಯೇ? ಅದರಿಂದ ಅವರ ಒಂದು ಕೆಲಸವಾದರೂ ಸುಲಭವಾಯಿತೇ? ದಿನದ ಕೊನೆಗೆ ದಣಿವು ಕಡಿಮೆಯಾಯಿತೇ? ಮೂರಕ್ಕೂ ಹೌದು ಎಂದರೆ ಮುಂದುವರಿಸಬಹುದು. ಇತರರ ಕಣ್ಣಿಗೆ ಸಾಮಾನ್ಯರಂತೆ ಕಂಡದ್ದಷ್ಟೇ ಲಾಭವಾದರೆ ನಿಲ್ಲಿಸುವುದು ಮೇಲು. ಉಳಿದ ಅಭ್ಯಾಸ ಎದುರಿಗಿರುವವರದು: ಸುತ್ತುಮಾತು ಬಿಟ್ಟು ನೇರವಾಗಿ ಹೇಳುವುದು, ಉತ್ತರಕ್ಕೆ ನಾಲ್ಕು ಕ್ಷಣ ಕಾಯುವುದು, ಮುಖ್ಯವಾದ್ದನ್ನು ಬರೆದು ಕೊಡುವುದು. ಇದಕ್ಕೆ ತರಬೇತಿ ಶಿಬಿರವಾಗಲಿ ವೈದ್ಯರ ಚೀಟಿಯಾಗಲಿ ಬೇಕಿಲ್ಲ. ಬ್ಯಾಂಕು, ಪಂಚಾಯಿತಿ, ಅಂಗಡಿ, ಮನೆ ಎಲ್ಲಿ ಬೇಕಾದರೂ ಇವತ್ತೇ ಆರಂಭಿಸಬಹುದು.